ಖಾನಾಪುರದ ಕಷಾಯ, ಸಾಂಬ್ರಾದ ವಿಮಾನ

ಟ್ಯಾಕ್ಸಿ ಕೈಕೊಡಬಹುದಿತ್ತು. ದಾರಿಯ ಮಚ್ಛೆ ಊರಲ್ಲಿ ಲಾರಿಗಳ ನಡುವೆ ಸಿಕ್ಕಿಕೊಳ್ಳಬಹುದಿತ್ತು. ಆಧಾರ್ ಕಾರ್ಡಿನ ಫೋಟೊ ನೋಡಿ ಇದು ನೀವಲ್ಲ ಎಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ತಡೆಯಬಹುದಿತ್ತು. ರೆಕ್ಕೆ, ಚಕ್ರ, ಮೋಡ, ಹದ್ದು ಇವುಗಳ ಚಿಂತೆಯನ್ನು ಮೊದಲೇ ಒಂದು ಸುತ್ತು ಮುಗಿಸಿದ್ದೆ. ಐವತ್ತು ದಾಟಿದ ಮೇಲೆ ನನ್ನ ಮೊದಲ ವಿಮಾನ ಪ್ರಯಾಣ. ಚಿಂತೆಯಲ್ಲಿ ಮಾತ್ರ ಹಳೆಯ ಅನುಭವಿ.

ಒಂದು ಧೈರ್ಯವಿತ್ತು. ಬೆಂಗಳೂರಿಗೆ ಹೋಗುವ ಆ ವಿಮಾನಕ್ಕೆ ಸಹಪೈಲಟ್ ನಮ್ಮ ಪಕ್ಕದ ಮನೆಯ ನಸ್ರೀನ್. ಹಿಂದಿನ ದಿನ ಸಾಂಬ್ರಾದಲ್ಲಿ ಇಳಿದವಳು ತಾಯಿಯನ್ನು ನೋಡಲು ಖಾನಾಪುರಕ್ಕೆ ಬಂದಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಹೊರಟೆವು. ಬಾಡಿಗೆ ಸಾವಿರದ ಇನ್ನೂರು.

"ಇವತ್ತು ಮೈಕಿನ್ಯಾಗ ಕನ್ನಡದಾಗ ಮಾತಾಡ್ತೀನಿ ಕಾಕಾ, ನಿಮ್ಮ ಸಲುವಾಗಿ. ಹೆದರಬ್ಯಾಡ್ರಿ."

"ನಾ ಎಲ್ಲಿ ಹೆದರೇನಿ?" ಎಂದೆ, ಬಾಗಿಲಿನ ಹಿಡಿಕೆ ಬಿಡದೆ.

ಅವಳು ಮೂಗು ಹಿಡಿದು ಗಾಳಿ ಊದಿ ಕಿವಿ ಪರೀಕ್ಷಿಸಿಕೊಂಡಳು. "ನೆಗಡಿ ಇಳದೈತಿ. ಅಮ್ಮಿ ಕಷಾಯ ಕೊಟ್ಟಾಳ."

"ರಜಾ ಹಾಕಬೇಕಿಲ್ಲ?"

"ಹಾರಿದ ತಾಸಿಗೆ ರೊಕ್ಕ. ನೆಲದ ಮ್ಯಾಲೆ ಕುಂತ್ರ ಕಂತು ಯಾರು ತುಂಬತಾರ?"

ಅವಳ ತಂದೆ ಹಂಚಿನ ಭಟ್ಟಿ ಮಾರಿ ಲೈಸೆನ್ಸ್ ಕೊಡಿಸಿ ತೀರಿಕೊಂಡಿದ್ದರು. ಆಮೇಲೆ ಕಂಪನಿಯ ವಿಮಾನ ಹಾರಿಸುವ ತರಬೇತಿಗೂ ಅವಳೇ ಸಾಲ ಮಾಡಿದ್ದಳು.

"ನಮ್ಮ ಮಾಲಕ ಸ್ಟೇರಿಂಗ್ ಹಿಡಿಸಾಕ ರೊಕ್ಕ ಇಸಗೊಂಡಿಲ್ಲ ಬಿಡ್ರಿ ಮೇಡಂ," ಎಂದ ಚಾಲಕ.

"ನಿಮ್ಮಲ್ಲೇ ಕೆಲಸ ಐತೇನ ನೋಡ್ರಿ," ಎಂದು ನಕ್ಕವಳು ಆಕಳಿಸಿದಳು. ಮತ್ತೊಮ್ಮೆ ಆಕಳಿಸಿದಳು.

ಮಚ್ಛೆ ದಾಟುವಾಗ ಅವಳ ತಾಯಿಯ ಫೋನು, ನನಗೆ. "ಭಾಯಿ, ಕಷಾಯದಾಗ ನೆಗಡಿ ಗುಳಿಗಿ ಅರದು ಹಾಕೇನ್ರಿ. ಡ್ಯೂಟಿ ಇದ್ದಾಗ ನುಂಗಂಗಿಲ್ಲ ಅಂತಾಳ ಹುಚ್ಚಿ. ಆಕಿಗಿ ಹೇಳಬ್ಯಾಡ್ರಿ."

ಹಿಂದೊಮ್ಮೆ ಅದೇ ಗುಳಿಗೆ ನುಂಗಿ ಬಸ್ಸು ಹತ್ತಿ, ಬೆಳಗಾವಿಯಲ್ಲಿ ಇಳಿಯಬೇಕಾದ ನಾನು ಚಿಕ್ಕೋಡಿಯಲ್ಲಿ ಎಚ್ಚರಗೊಂಡಿದ್ದೆ. ಹೇಳಿದರೆ ಅವಳ ಸಂಬಳಕ್ಕೆ ಕತ್ತರಿ. ಹೇಳದಿದ್ದರೆ ಅವಳ ಹಿಂದೆ ಒಂದು ವಿಮಾನದ ತುಂಬ ಜನ. ನನ್ನ ಯಾವ ಚಿಂತೆಯಲ್ಲೂ ಕಷಾಯ ಬಂದಿರಲಿಲ್ಲ.

ಬೆಳಗಾವಿ ದಾಟಿ ಸಾಂಬ್ರಾ ರಸ್ತೆಗೆ ಬಂದಮೇಲೆ ಹೇಳಿಬಿಟ್ಟೆ.

ಅವಳು ಫೋನ್ ತೆಗೆದಳು. ಆಫೀಸಿಗೆ ಕರೆ ಮಾಡಿ ಇವತ್ತು ಹಾರಲಾರೆ ಎಂದಳು. ಅತ್ತಲಿಂದ ಧ್ವನಿ ಏರಿತು. ಇವಳು ಅದೇ ಮಾತನ್ನು ಮತ್ತೆ, ಇನ್ನೂ ಮೆಲ್ಲಗೆ ಹೇಳಿದಳು.

"ಸಿಟ್ಟು ಬಂತೇನವ್ವಾ?"

"ನಿಮ್ಮ ಮ್ಯಾಲಲ್ರಿ. ಅಮ್ಮಿಗಿ ಗುಳಿಗಿ ಮಾತು ನಾನ ಹೇಳ್ತೀನಿ. ರೊಕ್ಕ ಹೋತು ಅಂತ ಮಾತ್ರ ನೀವು ಹೇಳಬ್ಯಾಡ್ರಿ."

ಸಹಪೈಲಟ್ ಒಬ್ಬರಿಗೆ ನೆಗಡಿ, ಬೆಂಗಳೂರಿನಿಂದ ಬೇರೆಯವರು ಬರಲು ಸಂಜೆಯಾಗುತ್ತದೆ ಎಂದು ನಿಲ್ದಾಣದಲ್ಲಿ ಸಾರಿದರು. "ಪೈಲಟ್‌ಗ ನೆಗಡಿ ಬಂದ್ರ ನಾವು ಕುಂದರಬೇಕೇನ್ರಿ?" ಎಂದು ಪಕ್ಕದವರು ಗೊಣಗಿದರು. "ಕುಂದರ್ರಿ," ಎಂದೆ. ಗಾಜಿನಾಚೆ ನಸ್ರೀನ್ ಟೋಪಿ ಕಂಕುಳಲ್ಲಿಟ್ಟುಕೊಂಡು ರಿಕ್ಷಾ ಹುಡುಕುತ್ತಿದ್ದಳು.

ಸಂಜೆಯ ಹಾರಾಟದಲ್ಲಿ ರೆಕ್ಕೆ ಉದುರಲಿಲ್ಲ. ಚಕ್ರ ಇಳಿಯಿತು. ಹದ್ದು ಕಣ್ಣಿಗೂ ಬೀಳಲಿಲ್ಲ. ಮೈಕಿನಲ್ಲಿ ಯಾರೋ ಗಂಡಸು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಸ್ವಾಗತ ಕೋರಿದ. ಕನ್ನಡ ಬರಬಹುದೆಂದು ಬೆಂಗಳೂರಿನಲ್ಲಿ ಇಳಿಯುವ ತನಕ ಕಾದೆ.