ವಾದಿ ಶಾಬಿನ ಗುಹೆಗೆ ಆರು ಖಾಲಿ ಬಾಟಲಿ

ಚಿನ್ನು, ಪುಟ್ಟಾ, ನಾವು ವಾದಿ ಶಾಬಿನ ಕಣಿವೆಗೆ ಹೋದ ಶುಕ್ರವಾರದ ಸಂಗತಿಯನ್ನು ನೀವು ನಿಮ್ಮ ಗೆಳೆಯರಿಗೆಲ್ಲ ಹೇಳಿದ್ದೀರಿ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. ಆದರೆ ಅಂದು ನಾನು ಮಾಡಿದ ಒಂದು ತಪ್ಪು ನಿಮಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳರವರೆಗೆ ಕಲಿತವಳು ನಾನು. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಿಮ್ಮ ಅಮ್ಮ ನನ್ನನ್ನು ಅರಬ್ಬರ ದೇಶದ ಈ ಸೀಬಿಗೆ, ನಿಮ್ಮ ಮನೆಗೆ ಕರೆಸಿಕೊಂಡಳು. ಮೊದಲ ಕೆಲವು ತಿಂಗಳು ನಾನು ಬಾಲ್ಕನಿಯಲ್ಲಿ ನಿಂತು ವಿಮಾನ ಇಳಿಯುವುದನ್ನೂ ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡಗಳನ್ನೂ ನೋಡಿದ್ದೇ ನೋಡಿದ್ದು. ಆ ಗುಡ್ಡಗಳ ಹೊಟ್ಟೆಯಲ್ಲಿ ನೀರು ಇರುತ್ತದೆ ಎಂದು, ಚಿನ್ನು, ನೀನು ಹೇಳಿದಾಗ ನಾನು ನಂಬಿರಲಿಲ್ಲ. ನಿನ್ನ ತರಗತಿಯ ಹುಡುಗಿಯರೆಲ್ಲ ವಾದಿ ಶಾಬಿನ ಗುಹೆಯೊಳಗೆ ಈಜಿಕೊಂಡು ಹೋಗಿ ಬಂದಿದ್ದರು. ನೀನೊಬ್ಬಳು ಬಾಕಿ. ಅದಕ್ಕಾಗಿ ದಿನಾ ಸಂಜೆ ಕಟ್ಟಡದ ಕೆಳಗಿನ ಈಜುಕೊಳದಲ್ಲಿ ಕೈಕಾಲು ಬಡಿದು ಕಲಿತೆ. ನಿಮ್ಮ ಅಪ್ಪ ಕೊನೆಗೂ ದಿನ ಗೊತ್ತು ಮಾಡಿದರು. ಅಮ್ಮನದು ಒಂದೇ ಷರತ್ತು. ತೇಲುವ ಜಾಕೆಟು ಹಾಕದೆ ನೀರಿಗೆ ಇಳಿಯುವ ಹಾಗಿಲ್ಲ.

ಬೆಳಿಗ್ಗೆ ಐದಕ್ಕೇ ಎದ್ದು ನಾನು ನೀರುದೋಸೆ ಹೊಯ್ದೆ, ಕೋಳಿ ಸುಕ್ಕ ಮಾಡಿದೆ. ಡಬ್ಬಿಗಳನ್ನು ಅಪ್ಪನ ಬೆನ್ನಚೀಲಕ್ಕೆ ತುಂಬಲು ಹೋದರೆ ಅದರಲ್ಲಿ ಜಾಗವೇ ಇಲ್ಲ. ತೋಳಿಲ್ಲದ, ಸ್ಪಂಜು ತುಂಬಿದ ಕಿತ್ತಳೆ ಬಣ್ಣದ ಎರಡು ಅಂಗಿಗಳು ಒಳಗೆ ಉಬ್ಬಿಕೊಂಡು ಕುಳಿತಿದ್ದವು. ಚಳಿಗೆ ಹಾಕುವಂಥದ್ದು, ಈ ಬಿಸಿಲಿನ ದೇಶದಲ್ಲಿ ಯಾರಿಗೆ ಬೇಕು ಎಂದುಕೊಂಡೆ. ತೆಗೆದು, ನೀಟಾಗಿ ಮಡಚಿ, ಸೋಫಾದ ಹಿಂದೆ ಇಟ್ಟೆ. ತೇಲುವ ಜಾಕೆಟನ್ನು ನಾನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಹೊಳೆಯಲ್ಲಿ ಮಕ್ಕಳು ಈಜು ಕಲಿಯುತ್ತಿದ್ದದ್ದು ಎರಡು ಒಣ ತೆಂಗಿನಕಾಯಿಗಳ ಸಿಪ್ಪೆಯನ್ನೇ ಒಂದಕ್ಕೊಂದು ಗಂಟು ಹಾಕಿ, ಎದೆಯ ಕೆಳಗೆ ಕೊಟ್ಟುಕೊಂಡು.

ಸೂರ್ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಬೋಳು ಬಂಡೆ. ಅಬ್ಬಾ, ಆ ಕಡಲಿನ ನೀಲಿ! ಪುಟ್ಟ ದಾರಿಯುದ್ದಕ್ಕೂ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಾ ಅಪ್ಪನ ಸೀಟಿಗೆ ಒದೆಯುತ್ತಿದ್ದ. ಸೇತುವೆಯ ಅಡಿಯಲ್ಲಿ ಕಾರು ನಿಲ್ಲಿಸಿ, ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ದಾಟಿ, ಖರ್ಜೂರದ ಮರಗಳ ನಡುವೆ ನಡೆದೆವು. ಎರಡೂ ಕಡೆ ಆಕಾಶದವರೆಗೆ ಕಲ್ಲಿನ ಗೋಡೆ. ಕಾಲಡಿಯಲ್ಲಿ ಬಾಳೆಗಿಡಗಳಿಗೆ ನೀರು ಹಾಯಿಸುವ ಸಣ್ಣ ತೋಡು. ಅಮ್ಮನ ಚೂಡಿದಾರ ಹಾಕಿಸಿಕೊಂಡು ಹೊರಟಿದ್ದ ನಾನು ಮೊದಲು ಯಾರಾದರೂ ನೋಡುತ್ತಾರೆಂದು ಮುದುಡಿಕೊಂಡೇ ನಡೆಯುತ್ತಿದ್ದೆ. ತಿರುವು ದಾಟಿ ಹಸಿರು ನೀರು ಕಂಡದ್ದೇ ತಡ, ಮುದುಡುವುದು ಮರೆತೇಹೋಯಿತು. ಅಷ್ಟು ತಿಳಿಯಾದ ನೀರು! ತಳದ ಬೆಣಚುಕಲ್ಲು ಎಣಿಸಬಹುದಿತ್ತು.

ಅಲ್ಲಿ ಅಪ್ಪ ಚೀಲ ಬಿಚ್ಚಿದರು. ಸುಕ್ಕದ ಡಬ್ಬಿ ಬಂತು. ದೋಸೆಯ ಕಟ್ಟು ಬಂತು. ಚಟ್ನಿ ಬಂತು. ಆಮೇಲೆ ಏನೂ ಬರಲಿಲ್ಲ.

"ಜಾಕೆಟು ಎಲ್ಲಿ? ಆ ಕಿತ್ತಳೆ ಬಣ್ಣದ್ದು ಎರಡು?" ಎಂದಳು ಅಮ್ಮ.

"ನಾನೇ ಹಾಕಿದ್ದೆ ಮಾರಾಯ್ತಿ, ನನ್ನ ಕೈಯಾರೆ."

"ಹಾಕಿದ್ದು ಎಲ್ಲಿ ಹೋಯಿತು? ಸುಕ್ಕ ಆಯಿತಾ? ಇಡೀ ಪಿಕ್ನಿಕ್ಕಿಗೆ ನಿಮಗೆ ಹೇಳಿದ್ದು ಒಂದೇ ಒಂದು ಕೆಲಸ!"

ಸೋಫಾದ ಹಿಂದೆ ನಾನು ಮಡಚಿಟ್ಟದ್ದು ಅವನ್ನೇ ಎಂದು ಆಗ ಹೊಳೆಯಿತು. ತೆಗೆದದ್ದು ನಾನು ಎಂದು ಹೇಳಬೇಕಿತ್ತು. ನಿಮಗೆ ಗೊತ್ತಲ್ಲ, ಆಗ ನಾನು ನಿಮ್ಮ ಅಪ್ಪನ ಜೊತೆ ನೇರ ಮಾತಾಡುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ಬಾಗಿಲಿನ ಮರೆಯಲ್ಲಿ ನಿಲ್ಲುವುದೇ ರೂಢಿ. "ಅಪ್ಪನಿಗೆ ಊಟಕ್ಕೆ ಬರಲಿಕ್ಕೆ ಹೇಳು ಮಗಾ" ಎಂದು ನಿಮ್ಮ ಮೂಲಕವೇ ನನ್ನ ಮಾತೆಲ್ಲ.

ಚಿನ್ನು, ನೀನು ಅಳಲಿಲ್ಲ. ಬಂಡೆಯ ಮೇಲೆ ನಮಗೆ ಬೆನ್ನು ಹಾಕಿ ಕುಳಿತು, "ನಾಟ್ ಫೇರ್" ಎಂದು ಒಂದೇ ಸಲ ಹೇಳಿದೆ. ಅತ್ತಿದ್ದರೆ ನಾನು ಹೇಗೋ ಸಮಾಧಾನ ಮಾಡುತ್ತಿದ್ದೆ. ಆ ಬೆನ್ನು ನೋಡಿ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕಿತ್ತು. ತೆಂಗಿನಕಾಯಿ ಎಲ್ಲಿಂದ ತರಲಿ ಎಂದು ಸುತ್ತ ನೋಡಿದೆ. ನೀರಿನ ಬಾಟಲಿಗಳು ಕಂಡವು.

"ಪುಟ್ಟಾ, ಖಾಲಿ ಬಾಟಲಿ ಎಷ್ಟುಂಟು ಅಂತ ಅಪ್ಪನ ಹತ್ತಿರ ಕೇಳು."

"ಪಪ್ಪಾ, ಅಜ್ಜಿ ವಾಂಟ್ಸ್ ಬಾಟಲ್ಸ್!"

ಅಪ್ಪ ನನ್ನಿಂದ ಒಂದು ಮಾರು ದೂರದಲ್ಲೇ ಇದ್ದರು. ಅವರೂ ಪುಟ್ಟನಿಗೇ ಉತ್ತರ ಕೊಟ್ಟರು. "ಮೂರು ಉಂಟು ಅಂತ ಹೇಳು ಅಜ್ಜಿಗೆ. ಯಾಕೆ ಅಂತಲೂ ಕೇಳು."

ಪಕ್ಕದಲ್ಲಿ ಚಾಪೆ ಹಾಸಿ ಕುಳಿತಿದ್ದ ನಮ್ಮ ಕರಾವಳಿಯ ಬ್ಯಾರಿ ಹೆಂಗಸೊಬ್ಬರಿಗೆ ನಮ್ಮ ಮಾತು ಕೇಳಿ ನಗು ತಡೆಯಲಾಗಲಿಲ್ಲ. "ನೀವು ನಮ್ಮ ಊರ ಕಡೆಯವರಾ? ತಗೊಳ್ಳಿ, ನಮ್ಮದೂ ಮೂರು ಉಂಟು. ಬಾಟ್ಲಿ ನಮ್ಮದು, ಸುಕ್ಕ ನಿಮ್ಮದು, ಆಯಿತಲ್ಲ?"

ಆರು ದೊಡ್ಡ ಬಾಟಲಿಗಳ ಮುಚ್ಚಳ ಬಿಗಿದು, ಮೈ ಒರೆಸುವ ಬೈರಾಸನ್ನು ಹರಿದು, ಮೂರು ಮೂರರ ಎರಡು ಕಟ್ಟು ಮಾಡಿದೆ. ನಡುವೆ ಮೂರು ಬೆರಳಗಲದ ಪಟ್ಟಿ. ಎದೆ ಪಟ್ಟಿಯ ಮೇಲೆ, ಕಟ್ಟುಗಳು ಎರಡು ಕಂಕುಳ ಅಡಿಗೆ. ಗಂಟು ಬೆರಳಿಗೆ ತಾನಾಗಿ ಬಂತು. ಮೊದಲು ನಾನೇ ನೋಡುತ್ತೇನೆಂದು ನೀರಿಗೆ ಇಳಿದೆ.

"ಅಮ್ಮಾ! ನಿಮಗೆ ಮರ್ಲಾ? ಈ ಪ್ರಾಯದಲ್ಲಿ ಹುಚ್ಚು ಹಿಡಿಯಿತಾ!" ಎಂದು ದಡದಿಂದ ಕೂಗಿದಳು ನಿಮ್ಮ ಅಮ್ಮ.

ನಾನು ಆಗಲೇ ಸೊಂಟದವರೆಗೆ ಇಳಿದಾಗಿತ್ತು. ಮದುವೆಯಾದ ಮೇಲೆ ನಾನು ಹೊಳೆಗೆ ಇಳಿದದ್ದು ಬಟ್ಟೆ ಒಗೆಯಲು ಮಾತ್ರ. ಮರೆತಿರಬಹುದೆಂದು ಹೆದರಿದ್ದೆ. ಕಾಲು ನೆಲ ಬಿಟ್ಟ ಕೂಡಲೇ ಕೈಗಳು ತಾವೇ ನೀರನ್ನು ಸರಿಸತೊಡಗಿದವು ಮಕ್ಕಳೇ! ಆಚೆ ಬಂಡೆಯವರೆಗೆ ಬಾಟಲಿಯ ಕಟ್ಟಿನ ಮೇಲೆ ತೇಲಿ ಹೋದೆ, ಬರುವಾಗ ಅದನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಬಂದೆ. ಬ್ಯಾರಿ ಹೆಂಗಸು ಚಪ್ಪಾಳೆ ತಟ್ಟಿದರು.

"ಮುಂದೆ ಇವರು, ಹಿಂದೆ ನೀವು. ಅವಳು ನಡುವೆ," ಎಂದಳು ಅಮ್ಮ ಕೊನೆಗೆ. "ಸುಸ್ತಾದರೆ ಅಲ್ಲಿಂದಲೇ ವಾಪಸ್."

ಬಾಟಲಿಯ ಕಟ್ಟನ್ನು ನಿನ್ನ ಎದೆಗೆ ಕೊಟ್ಟು ಹೊರಟೆವು. ಒಂದು ಹೊಂಡ, ಎರಡನೆಯದು, ಮೂರನೆಯದು. ನಡುನಡುವೆ ಜಾರುವ ಕಲ್ಲುಗಳು. ನಿನ್ನ ಕಾಲು ನನ್ನ ಮುಖಕ್ಕೆ ನೀರು ಚಿಮ್ಮಿಸುತ್ತಿತ್ತು. ಕೊನೆಯಲ್ಲಿ ಎರಡು ಬಂಡೆಗಳ ನಡುವೆ, ನೀರಿನ ಮೇಲೆ ತಲೆ ಮಾತ್ರ ತೂರುವಷ್ಟು ಸಂದು, ನೀರಿನಡಿ ಮೈಗೆ ಜಾಗ ಇತ್ತು. ಅಪ್ಪ ಒಳಗೆ ಹೋಗಿ ಕೈ ಚಾಚಿದರು. ನೀನು ಹಿಂದಿರುಗಿ ನನ್ನನ್ನು ನೋಡಿದೆ. "ಗಲ್ಲ ಮೇಲೆ ಇಡು ಮಗಾ, ನಾನು ಇದ್ದೇನೆ" ಎಂದೆ. ಹೋದೆ ನೀನು! ನಿನ್ನ ಹಿಂದೆಯೇ ನಾನೂ ತೂರಿದೆ.

ಒಳಗೆ ಏನು ನೋಡಿದೆವೆಂದು ನನಗೆ ಸರಿಯಾಗಿ ಬರೆಯಲು ಬಾರದು. ಮೇಲಿನ ಬಿರುಕಿನಿಂದ ಬಿಸಿಲು ಕೋಲಿನ ಹಾಗೆ ಇಳಿದು ನೀರೆಲ್ಲ ಹಸಿರಾಗಿ ಉರಿಯುತ್ತಿತ್ತು. ಬಂಡೆಯ ಎದೆಯಿಂದ ಜಲಪಾತ ಧೋ ಎಂದು ಬೀಳುತ್ತಿತ್ತು. ನೀನು ಬಂಡೆ ಹಿಡಿದು ನೇತಾಡುತ್ತಾ ಕೂಗಿದ ಕೂಗಿಗೆ ಗುಹೆಯೇ ತಿರುಗಿ ಕೂಗಿತು.

ಆ ಸಂತೋಷದಲ್ಲಿ ನನಗೆ ಇನ್ನು ತಡೆಯಲಾಗಲಿಲ್ಲ. ಮಾತು ತಲುಪಿಸಲು ಪುಟ್ಟ ಅಲ್ಲಿರಲಿಲ್ಲ, ಅಮ್ಮನ ಜೊತೆ ದಡದಲ್ಲೇ ಉಳಿದಿದ್ದ. ನೀನು ನೀರಿನ ಸದ್ದಿನಲ್ಲಿ ಮೈಮರೆತಿದ್ದೆ. ನಾನು ನೇರವಾಗಿ ನಿಮ್ಮ ಅಪ್ಪನಿಗೆ ಹೇಳಿದೆ, "ಜಾಕೆಟು ತೆಗೆದದ್ದು ನಾನು."

"ಎಂತ ಅತ್ತೆ? ಕೇಳುದಿಲ್ಲ!"

"ಜಾಕೆಟು! ಚೀಲದಿಂದ ತೆಗೆದದ್ದು ನಾನು!"

"ಆಂ?"

"ನಾನು! ನಿಮ್ಮ ತಪ್ಪಲ್ಲ! ಸುಕ್ಕಕ್ಕೆ ಜಾಗ ಇರಲಿಲ್ಲ!"

ಜನ್ಮದಲ್ಲಿ ನಾನು ಅಷ್ಟು ದೊಡ್ಡ ಸ್ವರ ತೆಗೆದಿರಲಿಲ್ಲ. ಆಚೆ ಮೂಲೆಯಲ್ಲಿದ್ದ ಇಬ್ಬರು ಬಿಳಿಯರು ತಿರುಗಿ ನೋಡಿದರು. ಅಪ್ಪ ಬಂಡೆ ಹಿಡಿದುಕೊಂಡು ನಗುತ್ತಾ ನೀರು ಕುಡಿದುಬಿಟ್ಟರು.

"ಅವಳಿಗೆ ಹೇಳ್ಬೇಡಿ ಅತ್ತೆ. ನಾನು ಬೈಸಿಕೊಂಡು ಆಯಿತು, ಖಲಾಸ್. ಈಗ ಹೇಳಿದ್ರೆ ನಿಮಗೆ ಮೊದಲಿಂದ ಸುರು ಆಗ್ತದೆ."

ಅಂದಿನಿಂದ ನಾನು ಅವರೊಡನೆ ನೇರವಾಗಿಯೇ ಮಾತಾಡುತ್ತೇನೆ. ಕೂಗಿ ಆದ ಮೇಲೆ ಮೆಲ್ಲಗೆ ಮಾತಾಡುವುದು ಏನು ಕಷ್ಟ? ಆದರೆ ಮನೆಗೆ ಯಾರು ಬಂದರೂ ಅಮ್ಮ, "ಇವರ ಮರೆವು ಕೇಳ್ಬೇಕಾ? ಜಾಕೆಟು ಬಿಟ್ಟು ಬಂದು ನನ್ನ ಅಮ್ಮ ಬಾಟ್ಲಿ ಕಟ್ಟಬೇಕಾಯಿತು" ಎಂದು ಶುರು ಮಾಡುತ್ತಾಳೆ. ಪ್ರತಿ ಸಲ ನಾನು ಬಾಯಿ ತೆರೆಯುತ್ತೇನೆ, ಅಪ್ಪ ಕಣ್ಣಿನಲ್ಲೇ ಬೇಡ ಎನ್ನುತ್ತಾರೆ. ಪಾಪ, ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾ ಬಂದಿದ್ದಾರೆ.

ಈ ಹಾಳೆಗಳನ್ನು ಶಾಲೆಯ ಪುಸ್ತಕಗಳ ನಡುವೆ ಸೇರಿಸಿ ಕಳೆದುಬಿಡಬೇಡಿ ಮಕ್ಕಳೇ. ನಿಮ್ಮ ಪಾಸ್‌ಪೋರ್ಟು ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಅಪ್ಪನ ತಪ್ಪಲ್ಲವೆಂದು ನನ್ನ ಕೈಬರಹದಲ್ಲಿ ಇರುವುದು ಇದೊಂದೇ ಕಡೆ.