ಶೇಕ್ಷಾವಲಿ ಮುಚ್ಚಿದ ತೂತು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಶೇಕ್ಷಾವಲಿಯ ಅಂಗಡಿಯನ್ನು ಕಣ್ಣಿಗಿಂತ ಮೊದಲು ಎದೆ ಗುರುತಿಸುತ್ತದೆ. ಟ್ರ್ಯಾಕ್ಟರುಗಳಿಗೆ ಬೇಸ್ ಡಬ್ಬಿ, ಅಂದರೆ ಹಾಡಿನ ದಪ್ಪ ಸದ್ದಿಗೆಂದು ಸ್ಪೀಕರ್ ಕೂರಿಸುವ ಪ್ಲೈವುಡ್ ಪೆಟ್ಟಿಗೆ, ಮಾಡಿಕೊಡುವುದು ಅವನ ಕಸುಬು. ಡಬ್ಬಿ ಎರಡು ಬಗೆ: ಎಲ್ಲ ಕಡೆ ಮುಚ್ಚಿದ್ದು, ಮುಂದೊಂದು ತೂತು ಬಿಟ್ಟಿದ್ದು. ತೂತಿನದು ಗುಡುಗುತ್ತದೆ, ಮುಚ್ಚಿದ್ದು ತಾಳಕ್ಕೆ ಸರಿಯಾಗಿ ಬಡಿದು ಸುಮ್ಮನಾಗುತ್ತದೆ. ಶೇಕ್ಷಾವಲಿಗೆ ಗುಡುಗೇ ಇಷ್ಟ. ಮುಚ್ಚಿದ ಡಬ್ಬಿ ಕೇಳಿದವರಿಗೆ "ಅದರಾಗ ಜ್ವಾಳ ತುಂಬಿಡ್ರಿ" ಎಂದು ಹೇಳಿ, ಚಹಾ ಕುಡಿಸಿ ಕಳಿಸುತ್ತಿದ್ದ. ಗಿರಾಕಿಯನ್ನು ಕಳೆದುಕೊಳ್ಳುವುದರಲ್ಲೂ ಅಷ್ಟು ಮರ್ಯಾದಸ್ಥ.

ಜವಳಗೇರಾದ ಆದಪ್ಪನ ಟ್ರ್ಯಾಕ್ಟರಿಗೂ ಸೀಟಿನ ಹಿಂದೆ ತೂತಿನ ಡಬ್ಬಿಯನ್ನೇ ಕೂರಿಸಿದ. ಭತ್ತದ ನಾಟಿಯ ಕಾಲ. ನಾಟಿ ಹಚ್ಚುವ ಹೆಂಗಸರಿಗೆ ಎಲ್ಲಿಲ್ಲದ ಬೇಡಿಕೆ. ಯಾರ ಗಾಡಿಯ ಹಾಡು ಚೆಂದವೋ ಅವರ ಟ್ರೇಲರ್ ಹತ್ತುತ್ತಾರೆ. ಕೆಲವೇ ದಿನಕ್ಕೆ ಆದಪ್ಪ ಅಂಗಡಿ ಮುಂದೆ ಹಾಜರಾದ.

"ಮಾಮಾ, ಯಮನಮ್ಮಕ್ಕನ ಗುಂಪು ನನ್ನ ಗಾಡಿ ಬಿಟ್ಟು ಇಳಿದು ಹೋಗ್ಯಾರ. ಸಸಿ ಬಲಿಯಾಕತ್ತಾವ. ಅವರು ಬರಲಿಲ್ಲಂದ್ರ ನೀನ ಬಂದು ನಾಟಿ ಹಚ್ಚು."

"ಸೌಂಡ್ ಕಮ್ಮಿ ಆತೇನಲೇ?"

"ಕಮ್ಮಿ? ಬುತ್ತಿ ಗಂಟು ಕುಣಿಯಾಕತ್ತಾವ!"

ಶೇಕ್ಷಾವಲಿ ಅಂಗಡಿ ಮುಚ್ಚಿ ಹೊರಟ. ಇಷ್ಟು ವರ್ಷ ಡಬ್ಬಿ ಮಾಡಿದರೂ ಟ್ರೇಲರಿನಲ್ಲಿ ಕೂತು ಒಂದನ್ನೂ ಕೇಳಿದವನಲ್ಲ. ಅಂಗಡಿ ಮುಂದೆ ಕೈಕಟ್ಟಿ ನಿಂತು ತಾನೇ ತಲೆದೂಗುವುದು, ಅಷ್ಟೇ ಪರೀಕ್ಷೆ. ಆದಪ್ಪ ಹೆಂಗಸರ ಕೈಕಾಲು ಹಿಡಿದು ಒಂದು ಸುತ್ತಿಗೆಂದು ಹತ್ತಿಸಿದ. ಗುಂಪಿನ ಯಜಮಾನಿ ಯಮನಮ್ಮ ಸರಿದು ಜಾಗ ಮಾಡಿದಳು. "ಬರ್ರಿ ಸಾಬ್ರ, ನಿಮ್ಮ ಗುಡುಗು ನೀವೂ ಉಣ್ರಿ."

ಹಾಡು ಹತ್ತಿತು. ತಗಡಿನ ತಳ ನಡುಗಿ ಶೇಕ್ಷಾವಲಿಯ ಹಲ್ಲುಗಳೇ ತಾಳ ಹಾಕಿದವು. ಒಂದು ಪೆಟ್ಟಿನ ಗುಂಯ್ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ಸ್ಪೀಕರಿನಲ್ಲಿ ಹಾಡುವವಳು ಆ ಗುಡುಗಿನ ಕೆಳಗೆಲ್ಲೋ ಸಿಕ್ಕಿದ್ದಳು.

"ಮಾತು ಕೇಳಸ್ತಾವೇನ್ರಿ?" ಯಮನಮ್ಮ ಅವನ ಕಿವಿಗೆ ಬಾಯಿಟ್ಟು ಕೂಗಿದಳು. "ಕೇಳಿದ್ರ ನಾವೂ ದನಿ ಕೂಡಿಸ್ತೀವಿ. ಬರೇ ದಡದಡ ಕೇಳಾಕ ನಮ್ಮ ಮನ್ಯಾಗ ಗಂಡಸರಿಲ್ಲೇನು?"

ಶೇಕ್ಷಾವಲಿ ಆದಪ್ಪನಿಗೆ ಕೂಗಿ ಗಾಡಿ ನಿಲ್ಲಿಸಿದ. ಹೆಗಲ ಮೇಲಿನ ರುಮಾಲನ್ನು ತೆಗೆದು, ಹೊಸದೆಂದು ಒಂದು ಗಳಿಗೆ ಹಿಂದೆಮುಂದೆ ನೋಡಿ, ತೂತಿಗೆ ತುರುಕಿದ. ಮತ್ತೆ ಹಾಡು ಹಚ್ಚಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಬಿದ್ದವು. ನಡುವೆ ಸ್ಪೀಕರಿನವಳ ದನಿ ಎದ್ದು ನಿಂತಿತು. ಟ್ರೇಲರಿನ ಮೂಲೆಯಲ್ಲಿದ್ದವಳೊಬ್ಬಳು ದನಿ ಕೂಡಿಸಿದಳು, ಆಮೇಲೆ ಎಲ್ಲರೂ.

"ನಾಳೆ ನಸುಕಿಗೆ ಬರ್ತೀವಿ" ಎಂದಳು ಯಮನಮ್ಮ.

"ಹಂಗಾರ ಮುಚ್ಚಿದ ಡಬ್ಬೀನ ಮಾಡಿ ತರ್ತೀನಿ. ನನ್ನ ರುಮಾಲು ಕೊಡ್ರಿ."

"ಡಬ್ಬಿ ಬರ್ಲಿ, ಆಮ್ಯಾಲ."

ಶೇಕ್ಷಾವಲಿ ಬರಿ ಹೆಗಲಲ್ಲಿ ಪ್ಲೈವುಡ್ ಕೊಯ್ಯಲು ಹೊರಟ. ಅಂಗಡಿಯಲ್ಲಿ ದಿನವೂ ಹಾಕುತ್ತಿದ್ದ ಹಾಡದು. ಅದರಲ್ಲಿ ಅತ್ತಿಗೆ ನಾದಿನಿಯ ಜಗಳವೊಂದು ಇದೆಯೆಂದು ಅವನಿಗೆ ಇವತ್ತೇ ಗೊತ್ತಾಗಿದ್ದು. ಕೊನೆಗೆ ಯಾರು ಗೆದ್ದರೆಂದು ಕೇಳಲು ಅರ್ಧ ದಾರಿಯಿಂದ ವಾಪಸು ಬಂದ.