ಹತ್ತು ಅಳಿಯಂದಿರು

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕ್ಷೌರಿಕ ಕತ್ತರಿ ಹಿಡಿಯುವುದಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುತ್ತಾನೆ. ಸಂಧಿವಾತದಿಂದ ಊದಿ ಬಿಗಿದ ತನ್ನ ಬೆರಳುಗಳನ್ನು ಅವನು ಅಳಿಯಂದಿರು ಎನ್ನುತ್ತಾನೆ. "ಸ್ವಲ್ಪ ತಡೀರಿ ಸ್ವಾಮಿ, ಹತ್ತು ಜನಾನೂ ಉಪಚಾರ ಮಾಡ್ದೆ ಏಳಲ್ಲ," ಎಂದು ಕಾದವರನ್ನು ನಗಿಸುತ್ತಾನೆ. ಅಳಿಯಂದಿರು ಎದ್ದರೆಂದರೆ ಮುಗಿಯಿತು, ಸೊಳ್ಳೆಯ ಮೀಸೆಯನ್ನೂ ಸಮ ಮಾಡಿಯಾನು. ಪಕ್ಕದಲ್ಲಿ ಟವೆಲ್ ಮಡಿಸುವ ಹೆಂಡತಿಗೆ ಇದೆಲ್ಲ ಬಾಯಿಪಾಠ. ಆದರೆ ಡಾಕ್ಟರು, "ಈ ಉರಿಯೂತ ಬೆರಳಿನ ಕೀಲಲ್ಲೇ ನಿಲ್ಲಲ್ಲಪ್ಪ, ಒಳಗೊಳಗೇ ರಕ್ತನಾಳಾನೂ ಕೆಡಿಸುತ್ತೆ, ಹೃದಯಕ್ಕೂ ಪೆಟ್ಟು. ಮಾತ್ರೆ ತಪ್ಪಿಸ್ಬೇಡ, ಸಿಗರೇಟು ಬಿಡು," ಎಂದಮೇಲೆ ಅವನಿಗೆ ಹೊಸ ಅಭ್ಯಾಸವೊಂದು ಅಂಟಿಕೊಂಡಿದೆ. ಗಡ್ಡ ಹೆರೆಯುವಾಗ ಗಿರಾಕಿಯ ಕತ್ತಿನಲ್ಲಿ ಮಿಡಿಯುವ ನಾಳದ ಮೇಲೆ ಅವನ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಗಿರಾಕಿ ಹೋದಮೇಲೆ ಅದೇ ಬೆರಳು ಕನ್ನಡಿಯೆದುರು ಅವನದೇ ಕತ್ತಿನ ಮೇಲೆ ಬರುತ್ತದೆ. ಇವತ್ತು ಹೆಂಡತಿಗೆ ತಡೆಯಲಾಗಲಿಲ್ಲ. "ಏನ್ರೀ, ಅಲ್ಲೂ ಒಬ್ಬ ಅಳಿಯ ಇದಾನಾ?" ಎಂದಳು. ಅವನು ನಗಲಿಲ್ಲ. "ಇವನು ಮಗ ಕಣೇ. ಹುಟ್ಟಿದಾಗಿಂದ ದುಡೀತಾನೇ ಇದಾನೆ, ಒಂದು ದಿನಾನೂ ಉಪಚಾರ ಕೇಳಿಲ್ಲ." ಅವಳು ಎದ್ದು ಅವನ ಅಂಗಿಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದುಕೊಂಡಳು, ಅವನು ಬೇಡವೆನ್ನಲಿಲ್ಲ.